ಗೋಧಿ, ಮ್ಯಾಂಗನೀಸ್ ಮತ್ತು ಸಂಡೂರು ಬೆಟ್ಟಸಾಲು: ಅಮೆರಿಕದ ವಿದೇಶಾಂಗ ನೀತಿಯ ಆರ್ಥಿಕ ಪ್ರೇರಣೆಗಳು – ಒಂದು ವಿಮರ್ಶೆ

1. ಪ್ರಶ್ನೆಯ ನೆಲೆ

ಹಂಪೆಯ ವಿರೂಪಾಕ್ಷ ದೇವಾಲಯದ ಗೋಪುರದಿಂದ ಪೂರ್ವಕ್ಕೆ, ಮತಂಗ ಪರ್ವತದ ಬುಡದಲ್ಲಿರುವ ಏಕಶಿಲಾ ನಂದಿಯವರೆಗೆ ಚಾಚಿಕೊಂಡಿರುವ ಬೀದಿಗೆ ಹಂಪಿ ಬಜಾರ್ ಎಂಬ ಹೆಸರು ರೂಢಿಯಲ್ಲಿದೆ. ಈ ಬೀದಿಯ ಇಕ್ಕೆಲಗಳ ಸಾಲುಮಂಟಪಗಳು, ವಿಠ್ಠಲ ದೇವಾಲಯದ ಹಾದಿಯಲ್ಲಿರುವ ಕುದುರೆಗೊಂಬೆ ಮಂಟಪ, ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯ ಮೇಲಿನ ಕುದುರೆಗಳ ಸಾಲು, ಮಹಾನವಮಿ ದಿಬ್ಬದ ಶಿಲ್ಪಪಟ್ಟಿಕೆಗಳಲ್ಲಿ ಕಾಣುವ ಪರದೇಶಿಯರು – ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ವಿಜಯನಗರದ ಹೊರವ್ಯಾಪಾರದ ಒಂದು ಮುಖ್ಯ ಎಳೆ ಸ್ಪಷ್ಟವಾಗುತ್ತದೆ. ಸಾಮ್ರಾಜ್ಯದ ಸೈನ್ಯಕ್ಕೆ ಅನಿವಾರ್ಯವಾಗಿದ್ದ ಉತ್ತಮ ತಳಿಯ ಕುದುರೆ ಈ ನೆಲದಲ್ಲಿ ದೊರೆಯುತ್ತಿರಲಿಲ್ಲ. ಅದು ಅರಬಸ್ತಾನ ಮತ್ತು ಪರ್ಷಿಯಾಗಳಿಂದ ಸಮುದ್ರ ದಾಟಿ ಬರಬೇಕಾಗಿತ್ತು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಬರಹಗಾರ ಫೆರ್ನಾವೊ ನೂನಿಜನು, ಸಾಳುವ ನರಸಿಂಹನು ಹಡಗಿನಲ್ಲಿ ಸತ್ತುಹೋದ ಕುದುರೆಗಳಿಗೂ ಬೆಲೆ ತೆರುತ್ತಿದ್ದನೆಂದು ದಾಖಲಿಸಿದ್ದಾನೆ. ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ, ಆನೆ ಕುದುರೆಗಳನ್ನು ತರುವ ದೂರದೇಶದ ವರ್ತಕರಿಗೆ ಊರು, ಮನೆ, ಮನ್ನಣೆ ಮತ್ತು ಲಾಭಗಳನ್ನು ಕೊಟ್ಟು, ಅವರ ಸರಕು ಶತ್ರುವಿನ ಪಾಲಾಗದಂತೆ ನೋಡಿಕೊಳ್ಳಬೇಕೆಂಬ ಉಪದೇಶವಿದೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಅಗತ್ಯವನ್ನು ಚೆನ್ನಾಗಿ ಅರಿತಿದ್ದರು. 1547ರಲ್ಲಿ ಸದಾಶಿವರಾಯನ ಆಳ್ವಿಕೆಯಲ್ಲಿ ಆದ ಒಪ್ಪಂದದ ಪ್ರಕಾರ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೆ ಸಲ್ಲಬೇಕಾಗಿದ್ದವು, ಬಿಜಾಪುರಕ್ಕೆ ಹೋಗಬಾರದಾಗಿತ್ತು.

ಈ ಒಪ್ಪಂದವನ್ನು ವ್ಯಾಪಾರದ ಒಪ್ಪಂದವೆನ್ನಬೇಕೆ, ರಕ್ಷಣೆಯ ಒಪ್ಪಂದವೆನ್ನಬೇಕೆ? ವಿಜಯನಗರದ ಅರಸನಿಗೆ ಇವೆರಡೂ ಬೇರೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಅಮೆರಿಕ ಸಂಯುಕ್ತ ಸಂಸ್ಥಾನದ ವಿದೇಶಾಂಗ ನೀತಿಯನ್ನು ಕುರಿತು ಅಲ್ಲಿನ ವಿದ್ವಾಂಸರು ಎತ್ತಿದ ಮುಖ್ಯ ಪ್ರಶ್ನೆಯೂ ಇದೇ ಆಗಿದೆ. ಆ ನೀತಿಯ ಹಿಂದಿನ ಪ್ರೇರಣೆ ಆರ್ಥಿಕವೋ, ರಾಷ್ಟ್ರರಕ್ಷಣೆಯೋ ಎಂಬ ವಾದ ದಶಕಗಳ ಕಾಲ ನಡೆದಿದೆ. ಈ ವಾದಕ್ಕೆ ಹಂಪೆಯ ದಕ್ಷಿಣಕ್ಕೆ, ಹೊಸಪೇಟೆಯಾಚೆ ಎದ್ದು ನಿಂತಿರುವ ಸಂಡೂರು ಬೆಟ್ಟಸಾಲಿನೊಂದಿಗೆ ಸಂಬಂಧವಿದೆ. ಆ ಬೆಟ್ಟಗಳ ಒಡಲಲ್ಲಿರುವ ಮ್ಯಾಂಗನೀಸ್ ಅದಿರು 1948ರಿಂದ ಮುಂದಿನ ಕೆಲವು ವರ್ಷಗಳಲ್ಲಿ ವಾಷಿಂಗ್ಟನ್ನಿನ ಚಿಂತೆಯ ವಸ್ತುವಾಗಿತ್ತು. ಆರ್ಥಿಕ ಪ್ರೇರಣೆಯ ಸಿದ್ಧಾಂತವನ್ನು ಸಂಡೂರು ಸೀಮೆಯ ಅನುಭವದ ಮೇಲೆ ಒರೆಹಚ್ಚಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಎರಡು ಪಂಥಗಳು

ಅಮೆರಿಕದ ವಿದೇಶಾಂಗ ನೀತಿಯನ್ನು ಆರ್ಥಿಕ ಹಿತಾಸಕ್ತಿಗಳ ಬೆಳಕಿನಲ್ಲಿ ವಿವರಿಸಿದವರಲ್ಲಿ ಚಾರ್ಲ್ಸ್ ಬಿಯರ್ಡ್ ಮೊದಲಿಗರ ಸಾಲಿನಲ್ಲಿ ನಿಲ್ಲುತ್ತಾರೆ. 1934ರಲ್ಲಿ ಪ್ರಕಟವಾದ ‘ದಿ ಐಡಿಯಾ ಆಫ್ ನ್ಯಾಷನಲ್ ಇಂಟರೆಸ್ಟ್’ ಕೃತಿಯಲ್ಲಿ ಅವರು ‘ರಾಷ್ಟ್ರಹಿತ’ವೆಂಬ ಮಾತಿನ ಹಿಂದೆ ನಿರ್ದಿಷ್ಟ ವರ್ಗಗಳ ಹಿತ ಅಡಗಿರುವುದನ್ನು ಶೋಧಿಸಿದರು. ವಿಲಿಯಂ ಆ್ಯಪಲ್‌ಮನ್ ವಿಲಿಯಮ್ಸ್ ಅವರ ‘ದಿ ಟ್ರ್ಯಾಜೆಡಿ ಆಫ್ ಅಮೆರಿಕನ್ ಡಿಪ್ಲೊಮಸಿ’ (1959) ಈ ಚಿಂತನೆಯನ್ನು ಮುಂದುವರಿಸಿತು. ನೆಲವನ್ನು ಗೆದ್ದು ಆಳುವುದಕ್ಕಿಂತ ಮಾರುಕಟ್ಟೆಯ ಬಾಗಿಲನ್ನು ತೆರೆದಿಡುವುದು ಅಮೆರಿಕದ ವಿಸ್ತರಣೆಯ ವಿಶಿಷ್ಟ ಮಾರ್ಗವೆಂಬುದು ವಿಲಿಯಮ್ಸರ ಪ್ರತಿಪಾದನೆ. ಹ್ಯಾರಿ ಮ್ಯಾಗ್ಡಾಫ್ ಅವರ ‘ದಿ ಏಜ್ ಆಫ್ ಇಂಪೀರಿಯಲಿಸಂ’ (1969) ಕಚ್ಚಾ ವಸ್ತುಗಳನ್ನು ವಾದದ ಕೇಂದ್ರಕ್ಕೆ ತಂದಿತು. ಜೆಟ್ ಎಂಜಿನ್ನಿಗೆ ಬೇಕಾದ ಖನಿಜಗಳಿಗಾಗಿ ಅಮೆರಿಕ ಹೊರದೇಶಗಳನ್ನು ಎಷ್ಟರಮಟ್ಟಿಗೆ ಅವಲಂಬಿಸಿದೆಯೆಂಬುದನ್ನು ಅವರು ಪಟ್ಟಿಮಾಡಿ ತೋರಿಸಿದರು.

ಈ ಪಂಥಕ್ಕೆ ಎದುರಾದ ಆಕ್ಷೇಪಗಳೂ ಗಂಭೀರವಾದುವೇ. ರಾಬರ್ಟ್ ಟಕರ್ 1971ರಲ್ಲಿ, ಅಮೆರಿಕದ ಒಟ್ಟು ಅರ್ಥವ್ಯವಸ್ಥೆಯಲ್ಲಿ ಬಡದೇಶಗಳೊಡನೆಯ ವ್ಯಾಪಾರದ ಪಾಲು ಅಷ್ಟು ದೊಡ್ಡದಲ್ಲವೆಂದು ವಾದಿಸಿದರು. ಸ್ಟೀಫನ್ ಕ್ರಾಸ್ನರ್ ಅವರ ‘ಡಿಫೆಂಡಿಂಗ್ ದಿ ನ್ಯಾಷನಲ್ ಇಂಟರೆಸ್ಟ್’ (1978) ಕಚ್ಚಾ ವಸ್ತುಗಳ ಪ್ರಕರಣಗಳನ್ನೇ ಆಯ್ದುಕೊಂಡು, ಪ್ರಭುತ್ವವು ಕಂಪನಿಗಳ ಆಜ್ಞಾಧಾರಕವಲ್ಲ, ಅದಕ್ಕೆ ತನ್ನವೇ ಆದ ಗುರಿಗಳಿವೆ ಎಂದು ತೋರಿಸಲು ಯತ್ನಿಸಿತು. ಅವರ ಪ್ರಕಾರ ಆ ಗುರಿಗಳು ಮೂರು: ಸ್ಪರ್ಧಾತ್ಮಕ ಬೆಲೆ, ಪೂರೈಕೆಯ ಭದ್ರತೆ ಮತ್ತು ವಿಶಾಲ ರಾಜಕೀಯ ಉದ್ದೇಶಗಳು. ಇವುಗಳಲ್ಲಿ ಘರ್ಷಣೆ ಒದಗಿದಾಗ ಮೂರನೆಯದೇ ಮೇಲುಗೈ ಪಡೆಯುತ್ತದೆಂಬುದು ಅವರ ನಿಲುವು.

ಇವೆರಡೂ ಪಂಥಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ಅಂಶದಲ್ಲಿ ಸಮಾನವಾಗಿವೆ. ಎರಡೂ ಕೊಳ್ಳುವವನ ಮನಸ್ಸನ್ನು ಶೋಧಿಸುತ್ತವೆ. ಮಾರುವವನ ಸ್ಥಿತಿಯನ್ನು, ಅದಿರು ಹೊರಬರುವ ನೆಲವನ್ನು ಹಿನ್ನೆಲೆಗೆ ಸರಿಸುತ್ತವೆ. ಅವುಗಳ ಕಥನದಲ್ಲಿ ಅದಿರು ಬಂದರಿನಲ್ಲಿ ಹುಟ್ಟಿ, ದಾಸ್ತಾನಿನ ಅಂಗಳದಲ್ಲಿ ಕೊನೆಗೊಳ್ಳುತ್ತದೆ.

3. 1951ರ ಗೋಧಿ ಸಾಲ

ಒಂದು ಟನ್ ಉಕ್ಕಿನ ತಯಾರಿಕೆಗೆ ಸುಮಾರು 6ರಿಂದ 7 ಕಿಲೋಗ್ರಾಂ ಮ್ಯಾಂಗನೀಸ್ ಬೇಕು. ಪ್ರಮಾಣ ಅಲ್ಪವಾದರೂ ಅದಿಲ್ಲದೆ ಉಕ್ಕಿಗೆ ಗಟ್ಟಿತನ ಬಾರದು. ಅದಕ್ಕೆ ಸಮರ್ಪಕವಾದ ಬದಲಿ ವಸ್ತುವೂ ಇಲ್ಲ. ಜಗತ್ತಿನಲ್ಲಿಯೇ ಅತಿ ಹೆಚ್ಚು ಉಕ್ಕು ತಯಾರಿಸುತ್ತಿದ್ದ ಅಮೆರಿಕದಲ್ಲಿ ಉತ್ತಮ ದರ್ಜೆಯ ಮ್ಯಾಂಗನೀಸ್ ಅದಿರು ಅತ್ಯಲ್ಪ. ಎರಡನೆಯ ಮಹಾಯುದ್ಧದ ಅನುಭವದ ಹಿನ್ನೆಲೆಯಲ್ಲಿ ಆ ದೇಶ 1946ರಲ್ಲಿ ಯುದ್ಧೋಪಯೋಗಿ ವಸ್ತುಗಳ ದಾಸ್ತಾನು ಕಾಯಿದೆಯನ್ನು ಜಾರಿಗೆ ತಂದಿತು. ಆ ಪಟ್ಟಿಯಲ್ಲಿ ಮ್ಯಾಂಗನೀಸಿಗೆ ಪ್ರಮುಖ ಸ್ಥಾನವಿತ್ತು. ಅಂದು ಅಮೆರಿಕದ ಬೇಡಿಕೆಯ ದೊಡ್ಡ ಪಾಲನ್ನು ಪೂರೈಸುತ್ತಿದ್ದುದು ಸೋವಿಯತ್ ಒಕ್ಕೂಟ. ಶೀತಲ ಸಮರ ತೀವ್ರಗೊಂಡಂತೆ 1948ರ ಕೊನೆಯಿಂದ ಸೋವಿಯತ್ ಅದಿರು ಇಳಿಮುಖವಾಯಿತು. ಆಗ ಅಮೆರಿಕದ ಉಕ್ಕಿನ ಉದ್ಯಮ ಮತ್ತು ರಕ್ಷಣಾ ಇಲಾಖೆಗಳೆರಡೂ ಭಾರತದತ್ತ ಮುಖಮಾಡಿದವು. ಕೆಲವೇ ವರ್ಷಗಳಲ್ಲಿ ಭಾರತ ಅಮೆರಿಕಕ್ಕೆ ಮ್ಯಾಂಗನೀಸ್ ಒದಗಿಸುವ ಮುಖ್ಯ ದೇಶವಾಯಿತು.

ಇದೇ ಕಾಲದಲ್ಲಿ ಭಾರತಕ್ಕೆ ಆಹಾರದ ತೀವ್ರ ಅಭಾವ ಒದಗಿತ್ತು. 1950ರ ಡಿಸೆಂಬರಿನಲ್ಲಿ ರಾಯಭಾರಿ ವಿಜಯಲಕ್ಷ್ಮಿ ಪಂಡಿತರು 20 ಲಕ್ಷ ಟನ್ ಧಾನ್ಯಕ್ಕಾಗಿ ಅಮೆರಿಕ ಸರ್ಕಾರವನ್ನು ಕೋರಿದರು. ಅಧ್ಯಕ್ಷ ಟ್ರೂಮನ್ 1951ರ ಫೆಬ್ರವರಿಯಲ್ಲಿ ಈ ವಿಷಯವನ್ನು ಕಾಂಗ್ರೆಸ್ಸಿನ ಮುಂದಿಟ್ಟರು. ಅಲ್ಲಿಂದ ನಾಲ್ಕು ತಿಂಗಳು ನಡೆದ ಚರ್ಚೆ ಪ್ರಸ್ತುತ ವಿಷಯಕ್ಕೆ ಬಹು ಮುಖ್ಯವಾದುದು. ಕೊರಿಯಾ ಯುದ್ಧದ ವಿಷಯದಲ್ಲಿ ನೆಹರೂ ತಳೆದ ಸ್ವತಂತ್ರ ನಿಲುವಿನ ಬಗೆಗೆ ಅನೇಕ ಸದಸ್ಯರಿಗೆ ಅಸಮಾಧಾನವಿತ್ತು. ಗೋಧಿಗೆ ಪ್ರತಿಯಾಗಿ ಮ್ಯಾಂಗನೀಸ್ ಮತ್ತು ತಿರುವಾಂಕೂರಿನ ಕರಾವಳಿಯ ಮಾನಜೈಟ್ ಮರಳು ದೊರೆಯಬೇಕೆಂದು ಒತ್ತಾಯಿಸಿದವರೂ ಇದ್ದರು. ಥೋರಿಯಂ ಒಳಗೊಂಡ ಮಾನಜೈಟಿನ ರಫ್ತನ್ನು ಭಾರತ ಅದಾಗಲೇ ನಿಷೇಧಿಸಿತ್ತು. ರಾಜಕೀಯ ಷರತ್ತುಗಳಿಗೆ ಒಳಪಟ್ಟ ನೆರವನ್ನು ಸ್ವೀಕರಿಸಲಾಗದೆಂದು ನೆಹರೂ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದರು. ಕೊನೆಗೆ 1951ರ ಜೂನ್ 15ರಂದು ಟ್ರೂಮನ್ ಸಹಿ ಹಾಕಿದ ಕಾಯಿದೆಯು ದಾನದ ರೂಪವನ್ನು ಬಿಟ್ಟು 19 ಕೋಟಿ ಡಾಲರಿನ ಸಾಲದ ರೂಪವನ್ನು ತಾಳಿತು. ಖನಿಜಗಳ ಮೂಲಕ ಮರುಪಾವತಿ ಮಾಡುವುದು ಪರಸ್ಪರ ಒಪ್ಪಿಗೆಗೆ ಒಳಪಟ್ಟ ಅವಕಾಶವಾಗಿ ಉಳಿಯಿತೇ ಹೊರತು ಕಡ್ಡಾಯವಾಗಲಿಲ್ಲ. ಮಾನಜೈಟಿನ ಮೇಲಿನ ನಿಷೇಧವೂ ಮುಂದುವರಿಯಿತು.

ಈ ಘಟನೆಯನ್ನು ಡೆನಿಸ್ ಮೆರಿಲ್ ಮತ್ತು ರಾಬರ್ಟ್ ಮೆಕ್‌ಮಹನ್ ಅವರಂತಹ ಇತಿಹಾಸಕಾರರು ವಿವರವಾಗಿ ಪರಿಶೀಲಿಸಿದ್ದಾರೆ. ಆರ್ಥಿಕ ಪ್ರೇರಣೆಯ ಪಂಥಕ್ಕೆ ಇಲ್ಲಿ ಬಲವಾದ ಪುರಾವೆ ದೊರೆಯುತ್ತದೆ. ಹಸಿವಿನ ಸಂದರ್ಭದಲ್ಲಿಯೂ ಖನಿಜದ ಲೆಕ್ಕಾಚಾರ ಶಾಸನಸಭೆಯ ಕಲಾಪದೊಳಗೆ ಬಹಿರಂಗವಾಗಿಯೇ ಪ್ರವೇಶಿಸಿತು. 1952ರ ಜೂನ್‌ನಲ್ಲಿ ಹೊರಬಂದ ಪೇಲಿ ಆಯೋಗದ ವರದಿಯು ಕಚ್ಚಾ ವಸ್ತುಗಳ ಪೂರೈಕೆಯನ್ನು ‘ಸ್ವತಂತ್ರ ಜಗತ್ತಿ’ನ ಭದ್ರತೆಯೊಂದಿಗೆ ನೇರವಾಗಿ ಜೋಡಿಸಿತು. ಆದರೆ ಇದೇ ಪ್ರಕರಣ ಆ ಪಂಥದ ಮಿತಿಯನ್ನೂ ತೋರಿಸುತ್ತದೆ. ಪ್ರೇರಣೆ ಇದ್ದಮಾತ್ರಕ್ಕೆ ಫಲ ದೊರೆಯಲಿಲ್ಲ. ಹಸಿದ ದೇಶವೊಂದು ಒಪ್ಪಂದದ ಕರಾರುಗಳನ್ನು ಬದಲಾಯಿಸಲು ಶಕ್ತವಾಯಿತು. ಆ ಶಕ್ತಿ ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಕೊಳ್ಳುವವನ ಮನಸ್ಸನ್ನು ಮಾತ್ರ ಓದುವ ಸಿದ್ಧಾಂತ ಉತ್ತರಿಸಲಾರದು.

4. ಸಂಡೂರಿನ ಅದಿರು ಮತ್ತು ಅದರ ಹಾದಿ

ಭಾರತದ ಉತ್ಕೃಷ್ಟ ಮ್ಯಾಂಗನೀಸ್ ಅದಿರಿನ ಬಹುಪಾಲು ಬಾಲಾಘಾಟ್, ಭಂಡಾರಾ, ನಾಗಪುರ ಪ್ರದೇಶಗಳದು. ಸಂಡೂರಿನದು ಕಬ್ಬಿಣದ ಅಂಶ ಹೆಚ್ಚಾಗಿಯೂ ರಂಜಕದ ಅಂಶ ಕಡಿಮೆಯಾಗಿಯೂ ಇರುವ ಅದಿರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತ ತಮ್ಮ ಬೃಹತ್ ಅಧ್ಯಯನದಲ್ಲಿ ಈ ಬೆಟ್ಟಗಳ ಅದಿರುಸಂಪತ್ತನ್ನು ಪರಿಚಯಿಸಿದರು. 1909ರಲ್ಲಿ ಪ್ರಕಟವಾದ ಲೂಯಿಸ್ ಫರ್ಮರ್ ಅವರ ಭಾರತದ ಮ್ಯಾಂಗನೀಸ್ ನಿಕ್ಷೇಪಗಳ ಅಧ್ಯಯನದಲ್ಲಿಯೂ ಸಂಡೂರಿಗೆ ಸ್ಥಾನ ದೊರೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಘೋರ್ಪಡೆ ಮನೆತನದ ಆಳ್ವಿಕೆಯಲ್ಲಿದ್ದ ಈ ಪುಟ್ಟ ಸಂಸ್ಥಾನದ ಗಣಿಗಳು ಜನರಲ್ ಸಂಡೂರ್ ಮೈನಿಂಗ್ ಕಂಪನಿಗೆ ಗುತ್ತಿಗೆಯಾಗಿ ಹೋದವು. ಬೆಟ್ಟದ ತಪ್ಪಲಿನ ಸ್ವಾಮಿಹಳ್ಳಿಯಿಂದ ಹೊಸಪೇಟೆಗೆ ರೈಲು ಕವಲು ನಿರ್ಮಾಣವಾಯಿತು. ಅಲ್ಲಿಂದ ಮೀಟರ್‌ಗೇಜ್ ಹಳಿಯ ಮೇಲೆ ಅದಿರು ಪಶ್ಚಿಮದ ಘಟ್ಟವಿಳಿದು ಪೋರ್ಚುಗೀಸರ ವಶದಲ್ಲಿದ್ದ ಮರ್ಮಗೋವಾ ಬಂದರನ್ನು ಸೇರುತ್ತಿತ್ತು.

ಈ ಹಾದಿಯ ಚಾರಿತ್ರಿಕ ಸ್ವಾರಸ್ಯ ಗಮನಾರ್ಹವಾದುದು. ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ವಿಜಯನಗರಕ್ಕೆ ಕುದುರೆ ಹತ್ತಿ ಬಂದ ದಿಕ್ಕಿನಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಹೊಸಪೇಟೆಯಿಂದ ಗೋವೆಗೆ ಅದಿರು ಇಳಿದುಹೋಯಿತು. ಮೊದಲನೆಯದರಲ್ಲಿ ಈ ಸೀಮೆ ಕೊಳ್ಳುವ ಪ್ರಭುತ್ವದ ರಾಜಧಾನಿಯಾಗಿತ್ತು. ಎರಡನೆಯದರಲ್ಲಿ ಕಚ್ಚಾ ಸರಕು ಹೊರಡುವ ನಿಲ್ದಾಣವಾಯಿತು. 1955ರಲ್ಲಿ ಭಾರತವು ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ವಿಧಿಸಿ ರೈಲು ಸಂಪರ್ಕವನ್ನು ಕಡಿದಾಗ ಈ ಹಾದಿ ಮುಚ್ಚಿತು. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲೆಸ್ ಪೋರ್ಚುಗಲ್ಲಿನ ವಿದೇಶಾಂಗ ಸಚಿವರೊಡನೆ ನೀಡಿದ ಜಂಟಿ ಹೇಳಿಕೆಯಲ್ಲಿ ಪೋರ್ಚುಗೀಸ್ ‘ಪ್ರಾಂತ’ಗಳೆಂಬ ಪದ ಬಳಕೆಯಾಗಿ ಭಾರತದಲ್ಲಿ ತೀವ್ರ ಅಸಮಾಧಾನವುಂಟಾಯಿತು. ಭಾರತದ ಅದಿರು ಅಮೆರಿಕಕ್ಕೆ ಬೇಕಾಗಿತ್ತು. ಅಜೋರ್ಸ್ ದ್ವೀಪಗಳಲ್ಲಿದ್ದ ಸೈನಿಕ ನೆಲೆಗಾಗಿ ಪೋರ್ಚುಗಲ್ಲಿನ ಸ್ನೇಹವೂ ಬೇಕಾಗಿತ್ತು. ಕ್ರಾಸ್ನರ್ ಹೇಳುವ ‘ವಿಶಾಲ ರಾಜಕೀಯ ಉದ್ದೇಶ’ ಇಲ್ಲಿ ಕಚ್ಚಾ ವಸ್ತುವಿನ ಹಿತವನ್ನು ಹಿಂದಿಕ್ಕಿತೆನ್ನಬಹುದು.

ಸಂಡೂರು ಸಂಸ್ಥಾನ 1949ರಲ್ಲಿ ಮದ್ರಾಸು ಪ್ರಾಂತದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯದ ಪಾಲಾಯಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಐರನ್ ಓರ್ಸ್ ಕಂಪನಿ ಸ್ಥಾಪನೆಯಾಗಿ ಗಣಿಗಳ ಒಡೆತನ ಸ್ಥಳೀಯ ಕೈಗೆ ಬಂದಿತು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಮುಂದೆ ರಾಜ್ಯದ ಹಣಕಾಸು ಸಚಿವರಾದ ಎಂ.ವೈ. ಘೋರ್ಪಡೆ ಅವರು ಈ ಕಂಪನಿಯ ಬೆಳವಣಿಗೆಯೊಂದಿಗೆ ನಿಕಟ ಸಂಬಂಧ ಹೊಂದಿದ್ದರು. ಅದಿರನ್ನು ಅದಿರಾಗಿಯೇ ಮಾರದೆ ಮಿಶ್ರಲೋಹವಾಗಿ ಮಾರುವ ಉದ್ದೇಶದಿಂದ ಹೊಸಪೇಟೆಯ ಬಳಿಯ ವ್ಯಾಸನಕೆರೆಯಲ್ಲಿ ಕಾರ್ಖಾನೆಯೂ ಬಂದಿತು. ಗೋಧಿಗಾಗಿ ದೇಶ ಕೈಚಾಚಿದ್ದ ವರ್ಷಗಳಲ್ಲಿಯೇ ಇದೇ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟು ಏಳುತ್ತಿದ್ದುದನ್ನೂ ಇಲ್ಲಿ ನೆನೆಯಬೇಕು. ವಿಜಯನಗರದ ಕಾಲುವೆಗಳಿಂದ ಹೊಸಪೇಟೆ, ಕಂಪ್ಲಿಗಳ ಗದ್ದೆಗಳು ಹಸಿರಾಗಿದ್ದರೂ ಬಳ್ಳಾರಿಯ ಎರೆಭೂಮಿ ಬರಕ್ಕೆ ಹೆಸರಾಗಿತ್ತು. ಅನ್ನಕ್ಕಾಗಿ ಅದಿರು ಒತ್ತೆಯಾಗದಂತೆ ಕಾಯುವ ನಿಜವಾದ ಉಪಾಯ ಸಂಧಾನದ ಮೇಜಿನ ಮೇಲಿರಲಿಲ್ಲ, ಈ ಅಣೆಕಟ್ಟಿನಲ್ಲಿತ್ತು.

5. ಬೇಡಿಕೆಯ ಸ್ಥಾನಾಂತರ

1954ರ ಜುಲೈನಲ್ಲಿ ಜಾರಿಗೆ ಬಂದ ಸಾರ್ವಜನಿಕ ಕಾಯಿದೆ 480, ಅಂದರೆ ಪಿ.ಎಲ್. 480, ಅಮೆರಿಕದ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸುವ ವ್ಯವಸ್ಥೆ. ಭಾರತ ಇದರಡಿ 1956ರ ಆಗಸ್ಟಿನಲ್ಲಿ ಮೊದಲ ಒಪ್ಪಂದ ಮಾಡಿಕೊಂಡಿತು. ಧಾನ್ಯವನ್ನು ಯುದ್ಧೋಪಯೋಗಿ ವಸ್ತುಗಳಿಗೆ ವಿನಿಮಯ ಮಾಡಿಕೊಳ್ಳುವ ಅವಕಾಶ ಈ ಕಾಯಿದೆಯ ಮೂರನೆಯ ಭಾಗದಲ್ಲಿಯೇ ಇತ್ತು. ಅಮೆರಿಕದ ರೈತರ ಉಗ್ರಾಣಗಳನ್ನು ಖಾಲಿ ಮಾಡುವುದು, ಖನಿಜದ ದಾಸ್ತಾನನ್ನು ತುಂಬುವುದು, ಮಿತ್ರರನ್ನು ಸಂಪಾದಿಸುವುದು – ಈ ಮೂರೂ ಉದ್ದೇಶಗಳು ಒಂದೇ ಕಾಯಿದೆಯಲ್ಲಿ ಕೂಡಿಕೊಂಡಿದ್ದವು. ಪ್ರೇರಣೆಗಳನ್ನು ಬಿಡಿಬಿಡಿಯಾಗಿ ಎಣಿಸುವ ವಿಶ್ಲೇಷಣೆ ಇಂತಹ ಕಾಯಿದೆಯ ಮುಂದೆ ನಿಸ್ಸಹಾಯಕವಾಗುತ್ತದೆ.

ಮ್ಯಾಂಗನೀಸಿನ ವಿಷಯದಲ್ಲಿ ನಿರ್ಣಾಯಕ ತಿರುವು ಬಂದುದು ಬೇರೆ ದಿಕ್ಕಿನಿಂದ. 1957ರಲ್ಲಿ ಬ್ರೆಜಿಲ್ಲಿನ ಅಮಾಪಾ ಪ್ರದೇಶದ ಸೆರ್ರಾ ಡೊ ನಾವಿಯೊ ಗಣಿಯಿಂದ ಅದಿರು ಹೊರಡತೊಡಗಿತು. 1962ರಲ್ಲಿ ಆಫ್ರಿಕದ ಗಬಾನಿನ ಮೊವಾಂಡಾ ಗಣಿ ಉತ್ಪಾದನೆ ಆರಂಭಿಸಿತು. ಮೊದಲನೆಯದರಲ್ಲಿ ಅಮೆರಿಕದ ಬೆತ್ಲೆಹೆಮ್ ಸ್ಟೀಲ್ ಕಂಪನಿಗೂ ಎರಡನೆಯದರಲ್ಲಿ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿಗೂ ಗಣನೀಯ ಪಾಲಿತ್ತು. ಭಾರತದಲ್ಲಿ ಖನಿಜದ ಒಡೆತನ, ಗುತ್ತಿಗೆ ಮತ್ತು ರಫ್ತುಗಳ ಮೇಲೆ ಪ್ರಭುತ್ವದ ಹಿಡಿತ ಬಿಗಿಯಾಗುತ್ತಿತ್ತು. 1956ರಲ್ಲಿ ರಾಜ್ಯ ವ್ಯಾಪಾರ ನಿಗಮವೂ 1963ರಲ್ಲಿ ಖನಿಜ ಮತ್ತು ಲೋಹ ವ್ಯಾಪಾರ ನಿಗಮವೂ ಸ್ಥಾಪನೆಯಾದವು. ಅಮೆರಿಕದ ಉಕ್ಕಿನ ಕಂಪನಿಗಳು ತಮ್ಮದೇ ಬಂಡವಾಳ ಹೂಡಿದ ಗಣಿಗಳತ್ತ ಸರಿದವು; ದಾಸ್ತಾನಿನ ಗುರಿಯೂ ಅಷ್ಟುಹೊತ್ತಿಗೆ ತುಂಬಿತ್ತು. ಮ್ಯಾಗ್ಡಾಫ್ ಅವರ ವಾದ ಅತ್ಯಂತ ಸಮರ್ಥವಾಗಿ ಹೊಂದುವುದು ಈ ಹಂತಕ್ಕೆ. ಸ್ವತಂತ್ರವಾಗಿ ಕರಾರು ಹೇಳುವ ಮಾರಾಟಗಾರನಿಗೆ ಬೆದರಿಕೆಯ ಅಗತ್ಯವಿರಲಿಲ್ಲ. ಅವನನ್ನು ಬಿಟ್ಟು ಮುಂದೆ ಹೋದರೆ ಸಾಕಾಗಿತ್ತು.

ಅದೇ ವೇಳೆಗೆ ಜಪಾನಿನ ಉಕ್ಕಿನ ಉದ್ಯಮಕ್ಕೆ ಭಾರತದ ಕಬ್ಬಿಣದ ಅದಿರನ್ನು ಒದಗಿಸುವ ಯೋಜನೆಗೆ ಅಮೆರಿಕ ಬೆಂಬಲ ನೀಡಿತು. ಚೀನದ ಮಾರುಕಟ್ಟೆಯಿಂದ ದೂರವಾದ ಜಪಾನನ್ನು ಅಮೆರಿಕದ ಪಾಳೆಯದಲ್ಲಿ ಉಳಿಸಿಕೊಳ್ಳಲು ಅದಕ್ಕೆ ಕಚ್ಚಾ ವಸ್ತುಗಳ ಬೇರೆ ಮೂಲ ಬೇಕಾಗಿತ್ತು. 1958ರಲ್ಲಿ ಒಡಿಶಾದ ಅದಿರಿನ ಯೋಜನೆಗೆ ದೊರೆತ ಅಮೆರಿಕದ ಸಾಲ ಇದಕ್ಕೆ ನಿದರ್ಶನ. ಬಳ್ಳಾರಿ–ಹೊಸಪೇಟೆ ವಲಯವೂ ಕ್ರಮೇಣ ಪೂರ್ವ ಕರಾವಳಿಯ ಮೂಲಕ ಕಬ್ಬಿಣದ ಅದಿರನ್ನು ರಫ್ತುಮಾಡುವ ಪ್ರದೇಶವಾಯಿತು. 1977ರಲ್ಲಿ ಸಂಡೂರಿನ ದೋಣಿಮಲೆಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ ಕಾರ್ಯಾರಂಭ ಮಾಡಿತು.

ಗೋಧಿಯ ಹಣದ ಇನ್ನೊಂದು ಪರಿಣಾಮವನ್ನು ಗ್ರಂಥಾಲಯಗಳ ಇತಿಹಾಸ ಬಲ್ಲವರು ಮರೆಯುವಂತಿಲ್ಲ. 1951ರ ಸಾಲದ ಬಡ್ಡಿಯ ಒಂದು ಭಾಗ ಭಾರತದ ಉನ್ನತ ಶಿಕ್ಷಣ ಸಂಸ್ಥೆಗಳ ಪುಸ್ತಕ, ಉಪಕರಣ ಮತ್ತು ವಿದ್ವಾಂಸರ ವಿನಿಮಯಕ್ಕೆ ವಿನಿಯೋಗವಾಯಿತು. 1962ರಿಂದ ಪಿ.ಎಲ್. 480ರ ರೂಪಾಯಿಗಳಿಂದಲೇ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಕನ್ನಡದ ಪುಸ್ತಕಗಳು ಸಾಗರದಾಚೆಯ ಕಪಾಟುಗಳನ್ನು ಸೇರಿದ್ದು ಹೀಗೆ. ಯಾವ ಪ್ರೇರಣೆಯ ಪಟ್ಟಿಯಲ್ಲಿಯೂ ಈ ಫಲ ಮೊದಲೇ ಬರೆದಿರಲಿಲ್ಲ.

ಆದರೆ ಕಾಳಿನ ಮೇಲಿನ ಹಿಡಿತ ಎಷ್ಟು ಬಿಗಿಯಾಗಬಲ್ಲದೆಂಬುದು 1965ರಿಂದ 1967ರ ನಡುವೆ ಸ್ಪಷ್ಟವಾಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿಯನ್ನು ಕಂತುಕಂತಾಗಿ, ಕೃಷಿ ನೀತಿಯ ಬದಲಾವಣೆಯನ್ನು ನಿರೀಕ್ಷಿಸುತ್ತ ಬಿಡುಗಡೆ ಮಾಡಿದರು. ವಿಯೆಟ್ನಾಂ ಯುದ್ಧವನ್ನು ಕುರಿತ ಭಾರತದ ಟೀಕೆಯೂ ಅವರನ್ನು ಕೆರಳಿಸಿತ್ತು. 1966ರ ಜೂನ್ 6ರಂದು ಡಾಲರಿನ ಬೆಲೆ 4.76 ರೂಪಾಯಿಯಿಂದ 7.50 ರೂಪಾಯಿಗೆ ಏರುವಂತೆ ಭಾರತ ತನ್ನ ನಾಣ್ಯವನ್ನು ಅಪಮೌಲ್ಯಗೊಳಿಸಬೇಕಾಯಿತು. 1951ರಲ್ಲಿ ಕರಾರು ಬದಲಿಸಿದ ದೇಶ ಈಗ ಅಷ್ಟೇ ಸಮರ್ಥವಾಗಿ ಪ್ರತಿರೋಧಿಸಲಾಗಲಿಲ್ಲ. ಅಮೆರಿಕದ ಪ್ರೇರಣೆಯಲ್ಲಿ ಮೂಲಭೂತ ವ್ಯತ್ಯಾಸವೇನೂ ಆಗಿರಲಿಲ್ಲ. ವ್ಯತ್ಯಾಸವಾದುದು ಭಾರತದ ಚೌಕಾಸಿಯ ಶಕ್ತಿಯಲ್ಲಿ: ಅಂದು ಅದರ ಕೈಯಲ್ಲಿದ್ದ ಮ್ಯಾಂಗನೀಸ್ ಅಮೆರಿಕಕ್ಕೆ ಅನಿವಾರ್ಯವಾಗಿತ್ತು, ಈಗ ಹಾಗಿರಲಿಲ್ಲ.

6. ಕೊಳ್ಳುವವನು ಬದಲಾದಾಗ

ಆರ್ಥಿಕ ಪ್ರೇರಣೆಯ ಸಿದ್ಧಾಂತಕ್ಕೆ ಸಂಡೂರು ಸೀಮೆ ಒಡ್ಡುವ ಅತ್ಯಂತ ಕಠಿಣ ಪರೀಕ್ಷೆ 2000ದ ನಂತರದ ದಶಕದ್ದು. ಈ ಬಾರಿ ಕೊಳ್ಳುವವನು ಚೀನ. ರಾಯಭಾರಿಗಳ ಒತ್ತಡವಿರಲಿಲ್ಲ, ಧಾನ್ಯದ ಆಮಿಷವಿರಲಿಲ್ಲ, ದಾಸ್ತಾನಿನ ಕಾಯಿದೆಯ ಪ್ರಸ್ತಾಪವೂ ಇರಲಿಲ್ಲ. ಬೆಲೆಯೊಂದೇ ಸಾಕಾಯಿತು. 2005ರಲ್ಲಿ ಕಬ್ಬಿಣದ ಅದಿರಿನ ಅಂತಾರಾಷ್ಟ್ರೀಯ ಒಪ್ಪಂದದ ದರ ಒಂದೇ ಬಾರಿಗೆ ಶೇಕಡಾ 71.5ರಷ್ಟು ಏರಿತು. ಆದರೆ 2009ರ ಆಗಸ್ಟ್‌ವರೆಗೆ ರಾಜಧನವು ಟನ್ನಿಗೆ ಇಂತಿಷ್ಟು ರೂಪಾಯಿ ಎಂಬ ನಿಗದಿತ ದರದಲ್ಲಿಯೇ ಉಳಿದಿತ್ತು. ಆ ಬಳಿಕವಷ್ಟೇ ಅದು ಅದಿರಿನ ಮೌಲ್ಯದ ಶೇಕಡಾ 10 ಆಯಿತು. ಬೆಲೆ ಏರಿದ ಲಾಭ ನೆಲದ ಒಡೆಯನಾದ ಸಾರ್ವಜನಿಕರಿಗೆ ದಕ್ಕದೆ ಗುತ್ತಿಗೆದಾರರ ಮತ್ತು ಸಾಗಣೆದಾರರ ಪಾಲಾಯಿತು. ಪರ್ಮಿಟ್ಟಿಲ್ಲದ ಅದಿರು ಲಾರಿಗಳಲ್ಲಿ ಬೇಲೆಕೇರಿಯಂತಹ ಬಂದರುಗಳಿಗೆ ಹರಿಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಸಲ್ಲಿಸಿದ ವರದಿಗಳು ಈ ವ್ಯವಹಾರವನ್ನು ವಿವರವಾಗಿ ದಾಖಲಿಸಿದವು. ಎರಡನೆಯ ವರದಿ ಅಂದಾಜು ಮಾಡಿದ ನಷ್ಟ 16,085 ಕೋಟಿ ರೂಪಾಯಿ.

ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸಲ್ಲಿಸಿದ್ದ ಅರ್ಜಿಯ ಮೇರೆಗೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉತ್ಪಾದನೆಗೆ ವಾರ್ಷಿಕ ಮಿತಿ ವಿಧಿಸಿತು. ಬಳ್ಳಾರಿಗೆ 2.5 ಕೋಟಿ ಟನ್ ಎಂದಿದ್ದ ಈ ಮಿತಿ 2022ರ ಆಗಸ್ಟಿನಲ್ಲಿ 3.5 ಕೋಟಿ ಟನ್ನಿಗೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ರಫ್ತಿನ ನಿಷೇಧವೂ ತೆರವಾಯಿತು.

ಈ ಪ್ರಕರಣದಲ್ಲಿ ಪರಕೀಯ ಪ್ರಭುತ್ವದ ಹುನ್ನಾರವನ್ನು ಹುಡುಕುವವರಿಗೆ ಏನೂ ದೊರೆಯದು. ಹಾಗೆಂದು ಆರ್ಥಿಕ ಪ್ರೇರಣೆ ಇರಲಿಲ್ಲವೆಂದಲ್ಲ. ಅದಕ್ಕೆ ವಿದೇಶಾಂಗ ನೀತಿಯೆಂಬ ವಾಹನವೇ ಬೇಕಾಗಲಿಲ್ಲ. 1951ರಲ್ಲಿ ಷರತ್ತು ಹೇರಲು ಬಂದವರನ್ನು ತಡೆದ ದೇಶ, ಷರತ್ತೇ ಇಲ್ಲದೆ ಬಂದ ಕೊಳ್ಳುವವನ ಮುಂದೆ ತನ್ನ ಷರತ್ತುಗಳನ್ನು ಮರೆಯಿತು. ಬೆಟ್ಟವನ್ನು ಕಾಯಬೇಕಾದ ಗುತ್ತಿಗೆಯ ನಿಯಮ, ರಾಜಧನ, ತನಿಖಾ ಠಾಣೆಗಳೆಲ್ಲ ಒಳಗಿನಿಂದಲೇ ಸಡಿಲಗೊಂಡವು. ಪರದೇಶದ ಪ್ರೇರಣೆಯನ್ನು ಮಾತ್ರ ಅನುಮಾನಿಸುವ ಇತಿಹಾಸಬರಹ ಈ ಸಡಿಲಿಕೆಯನ್ನು ಕಾಣಲಾರದು.

ಗಣಿಗಾರಿಕೆ ನಿಂತ ಅದೇ ಜುಲೈ ಕೊನೆಯ ದಿನಗಳಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ತೆರವುಗೊಳಿಸಲಾಯಿತು. ಅವರಿಗೆ ಮುಂದೆ ಕಡ್ಡಿರಾಂಪುರದ ಬಳಿ ನಿವೇಶನ ಗೊತ್ತಾಯಿತು. ಒಂದು ನಿರ್ಧಾರ ಬೆಟ್ಟವನ್ನೂ ಇನ್ನೊಂದು ಸ್ಮಾರಕವನ್ನೂ ಉಳಿಸುವ ಉದ್ದೇಶದ್ದು. ಎರಡರಲ್ಲಿಯೂ ದಿನಗೂಲಿಯ ಅದಿರು ತುಂಬುವವರು ಮತ್ತು ಮಂಟಪದೊಳಗೆ ಅಂಗಡಿ ಇಟ್ಟವರು ಜೀವನೋಪಾಯ ಕಳೆದುಕೊಂಡರು. ನಿರ್ಧಾರದ ಕರಾರುಗಳಲ್ಲಿ ಅವರ ಮಾತು ಸೇರಿರಲಿಲ್ಲ. ಮಾರುವ ನೆಲವೆಂದರೆ ದೇಶ, ರಾಜ್ಯ ಅಥವಾ ಕಂಪನಿ ಮಾತ್ರವಲ್ಲ ಎಂಬುದನ್ನು ಈ ಎರಡು ಘಟನೆಗಳು ಒಟ್ಟಿಗೆ ನೆನಪಿಸುತ್ತವೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಅಮೆರಿಕದ ವಿದೇಶಾಂಗ ನೀತಿಯ ಹಿಂದೆ ಆರ್ಥಿಕ ಪ್ರೇರಣೆಗಳಿದ್ದುವೆಂಬುದು 1951ರ ಗೋಧಿ ಸಾಲದ ಚರ್ಚೆಯಿಂದ ನಿಸ್ಸಂದೇಹವಾಗಿ ಸಿದ್ಧವಾಗುತ್ತದೆ. ಆದರೆ ಆ ಪ್ರೇರಣೆಯನ್ನು ರಕ್ಷಣೆಯ ಪ್ರೇರಣೆಯಿಂದ ಬೇರ್ಪಡಿಸಿ ತೂಗುವ ಪ್ರಯತ್ನ ವ್ಯರ್ಥವಾದುದು. ವಿಜಯನಗರದ ಕುದುರೆ ಹೇಗೋ ಅಮೆರಿಕದ ಮ್ಯಾಂಗನೀಸ್ ಕೂಡ ಹಾಗೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವವನ ಪ್ರೇರಣೆ ಶತಮಾನಗಳುದ್ದಕ್ಕೂ ಬಹುಮಟ್ಟಿಗೆ ಒಂದೇ ಆಗಿದೆ. ಬದಲಾಗುತ್ತ ಬಂದಿರುವುದು ಮಾರುವವನು ಕರಾರು ಹೇಳುವ ಶಕ್ತಿ. ಬಿಯರ್ಡ್‌ನಿಂದ ಕ್ರಾಸ್ನರ್‌ವರೆಗಿನ ಚರ್ಚೆ ಈ ಶಕ್ತಿಯ ಇತಿಹಾಸವನ್ನು ಬರೆಯದೆ ಬಿಟ್ಟಿದೆ. ಅದನ್ನು ಬರೆಯಬೇಕಾದವರು ಅದಿರಿನ ನೆಲದ ವಿದ್ವಾಂಸರು. ಅದಕ್ಕಾಗಿ ವಾಷಿಂಗ್ಟನ್ನಿನ ಮುದ್ರಿತ ರಾಜತಾಂತ್ರಿಕ ದಾಖಲೆಗಳ ಜೊತೆಗೆ ಸಂಸ್ಥಾನದ ಗುತ್ತಿಗೆ ಪತ್ರಗಳು, ಮದ್ರಾಸು ಮತ್ತು ಮೈಸೂರು ಸರ್ಕಾರಗಳ ಕಡತಗಳು, ರೈಲ್ವೆಯ ಸರಕು ಲೆಕ್ಕಗಳು ಹಾಗೂ ಗಣಿ ಕಾರ್ಮಿಕರ ಮೌಖಿಕ ಕಥನಗಳನ್ನು ಒಂದೇ ಮೇಜಿನ ಮೇಲೆ ತಂದು ಓದಬೇಕಾಗಿದೆ.

ಈ ಕೆಲಸಕ್ಕೆ ಕೇವಲ ಪುರಾತನಾಸಕ್ತಿಯ ಕಾರಣವಿಲ್ಲ. ಅಮೆರಿಕದಲ್ಲಿ 1970ರಿಂದೀಚೆಗೆ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಮ್ಯಾಂಗನೀಸ್ ಇರುವ ಅದಿರಿನ ಉತ್ಪಾದನೆ ನಡೆದಿಲ್ಲ. ಆ ದೇಶ 2018 ಮತ್ತು 2022ರಲ್ಲಿ ಪ್ರಕಟಿಸಿದ ನಿರ್ಣಾಯಕ ಖನಿಜಗಳ ಪಟ್ಟಿಗಳೆರಡರಲ್ಲಿಯೂ ಮ್ಯಾಂಗನೀಸ್ ಇದೆ. ಅಮೆರಿಕದ ನೇತೃತ್ವದಲ್ಲಿ 2022ರಲ್ಲಿ ರೂಪುಗೊಂಡ ಖನಿಜ ಭದ್ರತಾ ಸಹಭಾಗಿತ್ವಕ್ಕೆ ಭಾರತ 2023ರಲ್ಲಿ ಸೇರಿತು. ಅದೇ ವರ್ಷ ಜೂನ್‌ನಲ್ಲಿ ಭಾರತ ಹೊರತಂದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಮ್ಯಾಂಗನೀಸ್ ಇಲ್ಲ. ಒಂದೇ ಕಲ್ಲು ಒಬ್ಬನಿಗೆ ಆತಂಕದ ವಸ್ತು, ಇನ್ನೊಬ್ಬನಿಗೆ ಸಾಮಾನ್ಯ ಸರಕು. ಚೌಕಾಸಿ ನಡೆಯುವುದು ಇಂತಹ ಅಂತರದಲ್ಲಿಯೇ. ಮುಂದೊಮ್ಮೆ ಸಂಡೂರಿನ ಅದಿರನ್ನು ಕೇಳಿ ಯಾರೇ ಬಂದರೂ, ಅವರು ಯಾಕೆ ಬಂದರೆಂದು ಕೇಳುವುದರ ಜೊತೆಗೆ, ಯಾವ ಬೆಲೆಗೆ, ಎಷ್ಟು ಪ್ರಮಾಣದಲ್ಲಿ, ಯಾವ ಬೆಟ್ಟವನ್ನು ಬಿಟ್ಟು, ಯಾರ ಒಪ್ಪಿಗೆಯಿಂದ ಎಂದು ಕೇಳಬೇಕಾದುದು ಈ ನೆಲದ ಹೊಣೆ.